ಕೊನೆಯ ‘ಇಲ್ಲ’ ಕೇಳಿಸಬೇಕು

ತಮ್ಮ: ಅಕ್ಕಾ, ನಮ್ಮ ಕಡೆಯ ಯಕ್ಷಗಾನದ ಹಿರಿಯ ಭಾಗವತರು, ಮದ್ದಲೆಗಾರರು, ಚೆಂಡೆಯವರು, ಇವರನ್ನೆಲ್ಲ ಮಾತಾಡಿಸಿ ಒಂದು ಪಾಡ್‌ಕಾಸ್ಟ್ ಮಾಡಬೇಕು ಅಂತ ಹೊರಟಿದ್ದೇನೆ. ರೆಕಾರ್ಡಿಂಗ್ ಸಾಕಷ್ಟು ಆಗಿದೆ. ಎಡಿಟಿಂಗಿಗೆ ಯಾವ ಸಾಫ್ಟ್‌ವೇರ್ ಹಿಡಿಯೋದು ಅನ್ನೋದೇ ಈಗ ಗೊಂದಲ. ಒಬ್ಬರು ಆಡಾಸಿಟಿ ಅಂತಾರೆ, ಒಬ್ಬರು ರೀಪರ್ ಅಂತಾರೆ, ಬೆಂಗಳೂರಲ್ಲಿರೋ ಗೆಳೆಯ ಅಡೋಬಿ ಆಡಿಷನ್ನಿಗೆ ಚಂದಾ ಕಟ್ಟು ಅಂತಾನೆ. ನೀವು ಇಷ್ಟು ವರ್ಷ ರೇಡಿಯೋದಲ್ಲಿ ಕೂತು ಇದೇ ಕೆಲಸ ಮಾಡಿದವರು. ನೀವು ಹೇಳಿದ್ದನ್ನೇ ಹಾಕಿಕೊಳ್ತೇನೆ.

ಅಕ್ಕ: ಹೇಳ್ತೇನೆ. ಅದಕ್ಕೆ ಮೊದಲು ನಿನ್ನ ರೆಕಾರ್ಡಿಂಗ್ ಹೇಗಿದೆ ಅಂತ ನನಗೆ ಗೊತ್ತಾಗಬೇಕು. ಎಲ್ಲಿ ಕೂತು ಮಾಡಿದೆ? ಎಷ್ಟು ಮೈಕು? ಇಬ್ಬರ ದನಿಯೂ ಒಂದೇ ಫೈಲಿನಲ್ಲಿ ಬೆರೆತಿದೆಯೋ, ಬೇರೆ ಬೇರೆ ಇದೆಯೋ?

ತಮ್ಮ: ಅವರವರ ಮನೆ ಜಗಲಿಯಲ್ಲೇ. ಅವರಿಗೊಂದು ಕಾಲರ್ ಮೈಕು, ನನಗೊಂದು. ರೆಕಾರ್ಡರಿನಲ್ಲಿ ಎರಡೂ ಬೇರೆ ಬೇರೆ ಟ್ರ್ಯಾಕಾಗಿ ಬರ್ತದೆ. ಮಾತಿನ ಮಧ್ಯೆ ಅವರು ಮದ್ದಲೆ ತಗೊಂಡು ನುಡಿಸಿ ತೋರಿಸ್ತಾರೆ. ಕೆಲವು ರೆಕಾರ್ಡಿಂಗ್ ಮಳೆಗಾಲದ್ದು, ಹೆಂಚಿನ ಮೇಲೆ ಮಳೆ ಸುರಿಯೋದು ಉದ್ದಕ್ಕೂ ಕೇಳ್ತದೆ.

ಅಕ್ಕ: ಟ್ರ್ಯಾಕು ಬೇರೆ ಬೇರೆ ಇರೋದು ದೊಡ್ಡ ಅನುಕೂಲ. ಅವರು ಮಾತಾಡ್ತಿರುವಾಗ ನೀನು ‘ಹೂಂ, ಹೌದಾ’ ಅಂದದ್ದು ಹೆಚ್ಚಾಗಿದ್ದರೆ ನಿನ್ನ ಟ್ರ್ಯಾಕಲ್ಲಿ ಮಾತ್ರ ತಗ್ಗಿಸಬಹುದು, ಅವರ ಮಾತಿಗೆ ಪೆಟ್ಟು ಬೀಳೋದಿಲ್ಲ. ಇನ್ನೊಂದು ಕೇಳ್ತೇನೆ. ನೀನು ಮಾತಾಡಿಸಿದವರ ವಯಸ್ಸು?

ತಮ್ಮ: ಹೆಚ್ಚಿನವರು ಎಂಬತ್ತು ದಾಟಿದವರು.

ಅಕ್ಕ: ಹಾಗಾದರೆ ನಿನ್ನ ಸಾಫ್ಟ್‌ವೇರಿಗೆ ನನ್ನ ಮೊದಲ ಷರತ್ತು, ಅದು ಮೂಲ ಫೈಲನ್ನು ಮುಟ್ಟಬಾರದು. ಈ ದನಿ ಮತ್ತೆ ರೆಕಾರ್ಡ್ ಮಾಡೋಕೆ ಸಿಗ್ತದೆ ಅನ್ನೋ ಭರವಸೆ ಇಲ್ಲ. ನೀನು ಕತ್ತರಿಸಿದ್ದು, ಜೋಡಿಸಿದ್ದು, ಏರಿಸಿದ್ದು, ಇಳಿಸಿದ್ದು ಎಲ್ಲವೂ ಬರೀ ಸೂಚನೆಯಾಗಿ ಉಳಿಯಬೇಕು. ನಾಡಿದ್ದು ಮನಸ್ಸು ಬದಲಾದರೆ ಕತ್ತರಿಸಿದ ವಾಕ್ಯ ಎಳೆದರೆ ವಾಪಸ್ ಬರಬೇಕು.

ತಮ್ಮ: ಆಡಾಸಿಟಿಯಲ್ಲಿ ಅದು ಆಗೋದಿಲ್ವಾ?

ಅಕ್ಕ: ಈಗ ಬಹಳ ಮಟ್ಟಿಗೆ ಆಗ್ತದೆ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ, ರೋಜರ್ ಡ್ಯಾನನ್‌ಬರ್ಗ್ ಅದನ್ನು ಶುರುಮಾಡಿದರು, ಮರುವರ್ಷ ಜನರ ಕೈಗೆ ಬಂತು. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು, ಅದರ ಒಳಗಿನ ಕೋಡ್ ಕೂಡ ತೆರೆದೇ ಇದೆ. ಜಗತ್ತಿನಲ್ಲಿ ಎಷ್ಟೋ ಜನ ದನಿ ಕತ್ತರಿಸೋಕೆ ಕಲಿತದ್ದೇ ಅದರಲ್ಲಿ, ಆ ಉಪಕಾರವನ್ನು ನಾನು ಮರೆಯೋದಿಲ್ಲ. ಆದರೆ ಬಹಳ ಕಾಲ ಅದರಲ್ಲಿ ಎಫೆಕ್ಟ್ ಹಾಕಿದರೆ ದನಿಯ ಮೇಲೇ ಅಚ್ಚಾಗಿ ಕೂರ್ತಿತ್ತು. ಹತ್ತು ಕೆಲಸ ಮಾಡಿದ ಮೇಲೆ ಮೂರನೆಯದು ಸರಿಯಿಲ್ಲ ಅನ್ನಿಸಿದರೆ ಅದರವರೆಗಿನದ್ದನ್ನೆಲ್ಲ ಹಿಂದೆ ತಿರುಗಿಸಬೇಕಿತ್ತು. 2021ರಲ್ಲಿ ಬಂದ 3.1ರಲ್ಲಿ ಕ್ಲಿಪ್ಪಿನ ಅಂಚನ್ನು ಎಳೆದು ಮುಚ್ಚೋದು, ಮತ್ತೆ ತೆರೆಯೋದು ಬಂತು. 2022ರ 3.2ರಲ್ಲಿ ಎಫೆಕ್ಟುಗಳನ್ನು ದನಿ ಓಡ್ತಿರುವಾಗಲೇ ಹಾಕಿ ತೆಗೆಯೋ ಸೌಕರ್ಯ ಬಂತು. ಆದರೂ ಹಿಂದಿನ ಸದ್ದು ತಗ್ಗಿಸೋ ನಾಯ್ಸ್ ರಿಡಕ್ಷನ್ನಿನಂಥ ಕೆಲವು ಎಫೆಕ್ಟುಗಳು ಅದರಲ್ಲಿ ಹಳೆ ಕ್ರಮದಲ್ಲೇ ನಡೀತವೆ.

ತಮ್ಮ: ರೀಪರ್?

ಅಕ್ಕ: ಅದು ಮೊದಲಿಂದಲೂ ಮೂಲ ಫೈಲಿಗೆ ಕೈಹಾಕದ ಕ್ರಮದ್ದು. ವಿನ್ಆಂಪ್ ನೆನಪಿದೆಯಲ್ಲ? ಅದನ್ನು ಮಾಡಿದ ಜಸ್ಟಿನ್ ಫ್ರಾಂಕಲ್ ಅವರೇ ಇದನ್ನೂ ಮಾಡಿದ್ದು. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಯಾವ ಸೌಲಭ್ಯಕ್ಕೂ ಬೀಗ ಇರೋದಿಲ್ಲ. ಆಮೇಲೆ ನಿನ್ನಂಥವರಿಗೆ ಲೈಸೆನ್ಸ್ 60 ಡಾಲರು, ನಮ್ಮ ದುಡ್ಡಲ್ಲಿ ಐದು ಸಾವಿರದ ಆಚೀಚೆ. ತಿಂಗಳ ಚಂದಾ ಇಲ್ಲ. ಇವತ್ತಿನ ಆವೃತ್ತಿಗೆ ಕೊಟ್ಟ ಹಣ ಮುಂದಿನ ದೊಡ್ಡ ಆವೃತ್ತಿಗೂ ಸಲ್ಲುತ್ತದೆ. ನನಗೆ ಇನ್ನೂ ಹಿಡಿಸಿದ ಸಂಗತಿ ಅದರ ಪ್ರಾಜೆಕ್ಟ್ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದಾದ ಸಾದಾ ಪಠ್ಯ ಅದು. ಯಾವ ಫೈಲಿನ ಎಷ್ಟನೇ ಸೆಕೆಂಡಿನಿಂದ ಎಲ್ಲಿವರೆಗೆ ತಗೊಂಡಿದ್ದೀಯ ಅನ್ನೋದು ಅಲ್ಲೇ ಬರೆದಿರ್ತದೆ. ಮುಂದೆ ಆ ಸಾಫ್ಟ್‌ವೇರೇ ಇಲ್ಲವಾದರೂ ನಿನ್ನ ಕೆಲಸದ ಜಾಡು ಉಳೀತದೆ.

ತಮ್ಮ: ಆದರೆ ಅದನ್ನು ತೆರೆದರೆ ತಲೆ ತಿರುಗ್ತದೆ ಅಕ್ಕಾ. ಎಲ್ಲಿ ನೋಡಿದರೂ ಗುಂಡಿ. ಸಂಗೀತದವರಿಗೆ ಮಾಡಿದ್ದು ಅನ್ನಿಸ್ತದೆ.

ಅಕ್ಕ: ಸಂಗೀತದವರಿಗೇ ಮಾಡಿದ್ದು, ನಿಜ. ನಿನಗೆ ಬೇಕಾದ್ದು ಅದರ ಒಂದು ಮೂಲೆ. ಕತ್ತರಿಸೋದು, ಖಾಲಿ ಜಾಗ ಮುಚ್ಚೋದು, ಕ್ಲಿಪ್ಪಿನ ದನಿ ಏರಿಸಿ ಇಳಿಸೋದು, ಎರಡು ತುದಿ ಬೆಸೆಯೋದು. ಈ ನಾಲ್ಕಕ್ಕೆ ಕೀಬೋರ್ಡಿನ ನಾಲ್ಕು ಕೀಲಿ ಗೊತ್ತುಮಾಡಿಕೊಂಡು ವಾರವಿಡೀ ಅಷ್ಟನ್ನೇ ಮಾಡು. ಮಾತಿನ ಕೆಲಸಕ್ಕೇ ಅಂತ ಕಟ್ಟಿದ್ದು ಬೇಕಾದರೆ ಡೆನ್ಮಾರ್ಕಿನ ಹಿಂಡನ್‌ಬರ್ಗ್ ಇದೆ. 1937ರಲ್ಲಿ ಆ ಹೆಸರಿನ ವಾಯುನೌಕೆ ಹೊತ್ತಿ ಉರಿದಾಗ ಅಲ್ಲೇ ನಿಂತು ರೇಡಿಯೋ ವರದಿಗಾರರೊಬ್ಬರು ಧ್ವನಿಮುದ್ರಣ ಮಾಡಿದ್ದರಲ್ಲ, ಆ ನೆನಪಿಗೆ ಇಟ್ಟ ಹೆಸರು. ರೇಡಿಯೋ ಪತ್ರಕರ್ತರಿಗಾಗಿಯೇ ಮಾಡಿದ್ದು. ದನಿಯನ್ನು ಒಳಗೆ ಹಾಕಿದ ಕೂಡಲೇ ಮಟ್ಟ ತಾನೇ ಸರಿಮಾಡಿಕೊಡ್ತದೆ. ಚೆನ್ನಾಗಿದೆ, ಆದರೆ ದುಡ್ಡು ಹೆಚ್ಚು. ಆಡಿಷನ್ ಕೂಡ ಒಳ್ಳೆಯದೇ. ಹಿಂದೆ ಕೂಲ್ ಎಡಿಟ್ ಪ್ರೊ ಅಂತ ಇತ್ತು, 2003ರಲ್ಲಿ ಅಡೋಬಿ ಕೊಂಡುಕೊಂಡಿತು. ನಿನ್ನ ಗೆಳೆಯ ವಿಡಿಯೋ ಕೆಲಸದವನಿರಬೇಕು, ಅವನ ಚಂದಾದಲ್ಲಿ ಅದೂ ಸೇರಿ ಬರ್ತದೆ. ನಿನಗೆ ಬರೀ ದನಿಗೆ ತಿಂಗಳು ತಿಂಗಳು ಕಟ್ಟೋ ಅಗತ್ಯ ನನಗೆ ಕಾಣೋದಿಲ್ಲ. ಕದ್ದ ಪ್ರತಿ ಹಾಕಿಕೊಡ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನು. ಅದರ ಜೊತೆ ಬರೋ ವೈರಸ್ಸು ನಿನ್ನ ರೆಕಾರ್ಡಿಂಗುಗಳನ್ನೇ ನುಂಗಬಹುದು.

ತಮ್ಮ: ಸರಿ. ಈಗ ಮಳೆ ವಿಷಯ. ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ. ಮಳೆ ಹೋಯ್ತು, ಆದರೆ ಭಾಗವತರ ದನಿ ನೀರೊಳಗಿಂದ ಬಂದ ಹಾಗೆ ಕೇಳ್ತದೆ.

ಅಕ್ಕ: ಅದಕ್ಕೆ ಕಾರಣ ಇದೆ. ಫ್ಯಾನಿನ ಗುಂಯ್‌ಗುಡುವಿಕೆ, ಕರೆಂಟಿನ ಹಮ್ಮು ಇವು ಕೆಲವೇ ಕಂಪನಾಂಕಗಳಲ್ಲಿ ಇರ್ತವೆ. ನಮ್ಮ ಕರೆಂಟು 50 ಹರ್ಟ್ಸಿನದು, ಹಮ್ಮು 50, 100, 150 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೂತಿರ್ತದೆ. ಅಷ್ಟಷ್ಟನ್ನೇ ಹುಡುಕಿ ತೆಗೆಯಬಹುದು. ಹೆಂಚಿನ ಮಳೆ ಹಾಗಲ್ಲ, ಕೆಳಗಿಂದ ಮೇಲಿನವರೆಗೆ ಎಲ್ಲ ಕಡೆ ಹರಡಿರ್ತದೆ. ನಮ್ಮ ಸ, ಶ, ಹ ಕೂಡ ಅಂಥವೇ. ಯಂತ್ರಕ್ಕೆ ಮಳೆ ಯಾವುದು, ‘ಶ’ ಯಾವುದು ಅಂತ ಬೇರೆ ಮಾಡೋಕೆ ಕಷ್ಟ, ಎರಡನ್ನೂ ತಿಂತದೆ. ಆಡಾಸಿಟಿಯಲ್ಲಿ ಎಷ್ಟು ಡೆಸಿಬೆಲ್ ಕಡಿಮೆ ಮಾಡಬೇಕು ಅಂತ ನೀನೇ ಕೊಡಬಹುದು. 6ಕ್ಕಿಂತ ಹೆಚ್ಚು ಇಡಬೇಡ. ಮಳೆ ಪೂರ್ತಿ ಹೋಗಬೇಕಾಗಿಲ್ಲ, ಮಾತಿನ ಹಿಂದಕ್ಕೆ ಸರಿದರೆ ಸಾಕು. ಮಲೆನಾಡಿನ ಜಗಲಿಯ ಮೇಲೆ ಆಷಾಢದಲ್ಲಿ ಕೂತು ಆಡಿದ ಮಾತಿಗೆ ಮಳೆಯ ಸದ್ದಿದ್ದರೆ ಕೇಳುಗರು ಬೇಜಾರು ಮಾಡಿಕೊಳ್ಳೋದಿಲ್ಲ. ಶುರುವಿನಲ್ಲೇ ನೀನು ‘ಹೊರಗೆ ಮಳೆ ಸುರಿಯುತ್ತಿದೆ’ ಅಂತ ಒಂದು ಮಾತು ಹೇಳಿಬಿಡು.

ತಮ್ಮ: ಇಂಟರ್ನೆಟ್ಟಲ್ಲಿ ಫೈಲ್ ಹಾಕಿದರೆ ಕೃತಕ ಬುದ್ಧಿಮತ್ತೆಯೇ ಶುಚಿ ಮಾಡಿಕೊಡೋ ಸೇವೆಗಳಿವೆಯಲ್ಲ? ಸ್ಟುಡಿಯೋದಲ್ಲಿ ಕೂತು ಮಾತಾಡಿದ ಹಾಗೆ ಬರ್ತದಂತೆ.

ಅಕ್ಕ: ಬರ್ತದೆ. ಆದರೆ ಅವುಗಳಲ್ಲಿ ಕೆಲವು ಇದ್ದ ದನಿಯನ್ನು ಒರೆಸೋದರ ಬದಲು ಹೊಸದಾಗಿಯೇ ಕಟ್ತವೆ. ಸದ್ದು ಹೆಚ್ಚಿದ್ದಲ್ಲಿ ಆಡದ ಅಕ್ಷರವನ್ನು ಸೇರಿಸೋ ಅಪಾಯ ಇದೆ. ಹವ್ಯಕ ಕನ್ನಡವೋ, ಕುಂದಾಪುರದ ಕಡೆಯ ಮಾತೋ ಬಂದರೆ ನಾನಂತೂ ನಂಬೋದಿಲ್ಲ. ಎಂಬತ್ತೈದು ವರ್ಷದ ಭಾಗವತರ ಗಂಟಲಲ್ಲಿರೋ ಒಡಕನ್ನು ಅದು ದೋಷ ಅಂತ ಸರಿಮಾಡಿಬಿಟ್ಟರೆ ಏನು ಮಾಡ್ತೀಯ? ರಾತ್ರಿಯಿಡೀ ಹಾಡಿದ ಬದುಕು ಆ ಒಡಕಿನಲ್ಲಿದೆ. ಬಳಸಲೇಬೇಕಾದರೆ ಹೆಡ್‌ಫೋನ್ ಹಾಕಿಕೊಂಡು ಮೂಲವನ್ನೂ ಅದನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ಕೇಳು.

ಈಗ ನಾನು ಮುಖ್ಯ ಅಂದುಕೊಂಡದ್ದು ಹೇಳ್ತೇನೆ, ಇದನ್ನು ಬರೆದುಕೋ. ನಾಯ್ಸ್ ಗೇಟ್ ಅಂತ ಒಂದಿದೆ. ದನಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬಾಗಿಲು ಮುಚ್ಚಿದ ಹಾಗೆ ಮುಚ್ಚಿಬಿಡ್ತದೆ. ಇಂಗ್ಲಿಷಿನ ವಿಡಿಯೋಗಳಲ್ಲಿ ಎಲ್ಲರೂ ಅದನ್ನು ಹಾಕು ಅಂತಾರೆ. ನಮ್ಮ ಮಾತು ಗಮನಿಸು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗೀತದೆ. ಬಂದದ್ದು ಗಂಡಸೋ ಹೆಂಗಸೋ, ಒಬ್ಬರೋ ಹಲವರೋ, ಮಾಡಿದರೋ ಮಾಡಲಿಲ್ಲವೋ ಎಲ್ಲವೂ ಆ ಕೊನೆಯ ಒಂದೆರಡು ಅಕ್ಷರದಲ್ಲಿ ಗೊತ್ತಾಗೋದು. ಉಸಿರು ಮುಗಿಯೋದೂ ಅಲ್ಲೇ, ದನಿ ಇಳಿಯೋದೂ ಅಲ್ಲೇ, ಅದರಲ್ಲೂ ವಯಸ್ಸಾದವರದು. ‘ಆ ಪದ್ಯವನ್ನು ನಮ್ಮ ಗುರುಗಳು ಹಾಗೆ ಹಾಡ್ತಿರಲಿಲ್ಲ’ ಅಂತ ಅವರು ಹೇಳಿರ್ತಾರೆ. ಕೊನೆಯ ‘ಲಿಲ್ಲ’ವನ್ನು ಗೇಟು ನುಂಗಿದರೆ ಮಾತಿನ ಅರ್ಥ ತಿರುಗಿಬಿಡ್ತದೆ.

ತಮ್ಮ: ಅಬ್ಬಾ. ಇದು ನನಗೆ ಹೊಳೆದೇ ಇರಲಿಲ್ಲ.

ಅಕ್ಕ: ಮೌನವನ್ನು ತಾನಾಗಿ ಕತ್ತರಿಸೋ ಸೌಲಭ್ಯವೂ ಹಾಗೇ. ಆಡಾಸಿಟಿಯಲ್ಲಿ ‘ಟ್ರಂಕೇಟ್ ಸೈಲೆನ್ಸ್’ ಅಂತ ಇದೆ. ಸಮಯ ಉಳಿಸೋಕೆ ಜನ ಅದರಲ್ಲಿ ಮೌನದ ಅಳತೆಯನ್ನು ಸೆಕೆಂಡಿನ ಹತ್ತನೇ ಒಂದು ಪಾಲಿಗೆ ಇಳಿಸ್ತಾರೆ. ‘ಕತೆ’ಗೂ ‘ಕತ್ತೆ’ಗೂ ಕಿವಿಗೆ ಇರೋ ವ್ಯತ್ಯಾಸ ಏನು? ‘ಕತ್ತೆ’ಯ ಒತ್ತಕ್ಷರದಲ್ಲಿ ನಾಲಿಗೆ ಹಲ್ಲಿಗೆ ತಾಗಿ ಗಾಳಿ ಒಂದು ಕ್ಷಣ ತಡೆದು ನಿಲ್ತದೆ. ಮೈಕಿನ ಮಟ್ಟಿಗೆ ಆ ತಡೆ ಬರೀ ಮೌನ. ಅದನ್ನು ಮೊಟಕು ಮಾಡಿದರೆ ಹತ್ತು, ಅಕ್ಕ, ಪಟ್ಟ ಎಲ್ಲವೂ ಸೊರಗಿ ಕೇಳ್ತವೆ. ಆ ಅಳತೆಯನ್ನು ಅರ್ಧ ಸೆಕೆಂಡಿಗಿಂತ ಕೆಳಗೆ ತರಬೇಡ. ನನ್ನ ಕೇಳಿದರೆ ಆ ಸೌಲಭ್ಯವನ್ನೇ ಮುಟ್ಟಬೇಡ, ಮೌನವನ್ನು ಕೈಯಲ್ಲೇ ಕತ್ತರಿಸು. ಹಿರಿಯರು ಪ್ರಶ್ನೆ ಕೇಳಿಸಿಕೊಂಡು ಸುಮ್ಮನೆ ಕೂತು ಯೋಚಿಸೋ ಮೂರು ಸೆಕೆಂಡು ಮಾತಿಗಿಂತ ಹೆಚ್ಚು ಹೇಳೋದಿದೆ. ಯಂತ್ರಕ್ಕೆ ಅದು ತಿಳಿಯೋದಿಲ್ಲ.

ತಮ್ಮ: ಕತ್ತರಿಸಿದ ಜಾಗದಲ್ಲಿ ‘ಟಕ್’ ಅಂತ ಸಣ್ಣ ಸದ್ದು ಬರ್ತದೆ, ಅದಕ್ಕೇನು ಮಾಡೋದು?

ಅಕ್ಕ: ಸ್ಪೂಲ್ ಟೇಪಿನ ಕಾಲದಲ್ಲಿ ನಾವು ಬ್ಲೇಡಿನಿಂದ ಟೇಪನ್ನು ಓರೆಯಾಗಿ ಕೊಯ್ದು ಅಂಟಿಸ್ತಿದ್ದೆವು. ನೇರವಾಗಿ ಕೊಯ್ದರೆ ಆ ‘ಟಕ್’ ಬರ್ತಿತ್ತು. ಓರೆ ಕೊಯ್ತದಲ್ಲಿ ಹಿಂದಿನ ದನಿ ಇಳೀತಾ ಮುಂದಿನದು ಏರ್ತಾ ಬರ್ತದೆ. ಈಗಿನ ಕ್ರಾಸ್‌ಫೇಡ್ ಮಾಡೋದೂ ಅದೇ ಕೆಲಸ. ರೀಪರಿನಲ್ಲಿ ಎರಡು ಕ್ಲಿಪ್ಪು ಒಂದರ ಮೇಲೊಂದು ಸ್ವಲ್ಪ ಬಿದ್ದರೆ ತಾನಾಗಿ ಬೆಸೆದುಕೊಳ್ತದೆ. ನಾನು ರೀಪರನ್ನು ಮೆಚ್ಚೋಕೆ ಇದೂ ಒಂದು ಕಾರಣ. ಆಮೇಲೆ ಪ್ರತಿ ಮನೆಯಲ್ಲೂ ಮಾತು ಶುರುವಾಗೋ ಮುಂಚೆ ಅರ್ಧ ನಿಮಿಷ ಎಲ್ಲರೂ ಸುಮ್ಮನೆ ಕೂತು ಆ ಜಾಗದ ಸದ್ದನ್ನೇ ರೆಕಾರ್ಡ್ ಮಾಡಿಕೋ. ಕತ್ತರಿಸಿದ ಕಡೆ ತುಂಬೋಕೆ ಅದು ಬೇಕು. ಪೂರ್ತಿ ಮೌನ ಹಾಕಿದರೆ ಕೇಳುಗರಿಗೆ ಫೋನ್ ಕಟ್ಟಾದ ಹಾಗೆ ಆಗ್ತದೆ.

ತಮ್ಮ: ಬರಹ ತಿದ್ದಿದರೆ ದನಿಯೂ ತಿದ್ದುಕೊಳ್ಳೋ ಡಿಸ್ಕ್ರಿಪ್ಟ್‌ನಂಥವು?

ಅಕ್ಕ: ಇಂಗ್ಲಿಷಿನವರಿಗೆ ಅದು ವರವೇ. ನಮಗೆ ಇನ್ನೂ ಸಮಯ ಬಂದಿಲ್ಲ. ಮಾತನ್ನು ಬರಹಕ್ಕೆ ಇಳಿಸೋಕೆ ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಇಂಗ್ಲಿಷಿಗಿಂತ ತಪ್ಪು ಬಹಳ ಹೆಚ್ಚು. ಬರಹವೇ ತಪ್ಪಿದ್ದರೆ ಅದನ್ನು ನೋಡಿ ದನಿ ಕತ್ತರಿಸೋದು ಹೇಗೆ? ಯಾವ ವಿಷಯ ಎಷ್ಟನೇ ನಿಮಿಷದಲ್ಲಿದೆ ಅಂತ ಹುಡುಕೋಕೆ ಮಾತ್ರ ಇಟ್ಟುಕೋ.

ತಮ್ಮ: ಇನ್ನು ಮಾಸ್ಟರಿಂಗ್. ನನಗೆ ಅದರ ತಲೆಬುಡ ಗೊತ್ತಿಲ್ಲ.

ಅಕ್ಕ: ಸಂಗೀತದಲ್ಲಿ ಅದು ದೊಡ್ಡ ವಿದ್ಯೆ. ಮಾತಿನ ಪಾಡ್‌ಕಾಸ್ಟಿಗೆ ಬೇಕಾದ್ದು ಇಷ್ಟು: ಕೇಳುಗರು ಬಸ್ಸಿನಲ್ಲಿ ಕೂತು ಕೇಳುವಾಗ ವಾಲ್ಯೂಮ್ ಗುಂಡಿಗೆ ಕೈ ಹಾಕದೆ ಪೂರ್ತಿ ಎಪಿಸೋಡ್ ಕೇಳಿಸಿಕೊಳ್ಳಬೇಕು. ಅದಕ್ಕೆ ದನಿಯ ಅಲೆ ಎಷ್ಟು ಎತ್ತರಕ್ಕೆ ಹೋಯಿತು ಅನ್ನೋ ಅಳತೆ ಸಾಲದು. ಮದ್ದಲೆಯ ಒಂದು ಪೆಟ್ಟು ಮೇಲಕ್ಕೆ ಹಾರ್ತದೆ, ಆದರೆ ಕಿವಿಗೆ ಮಾತಿಗಿಂತ ಜೋರು ಅನ್ನಿಸಬೇಕಾಗಿಲ್ಲ. ಕಿವಿಗೆ ಎಷ್ಟು ಜೋರು ಅನ್ನಿಸ್ತದೆ ಅನ್ನೋದನ್ನು ಅಳೆಯೋ ಕ್ರಮವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಬಿಎಸ್ 1770 ಅಂತ ಹೊರತಂದಿತು. ಆ ಅಳತೆಯ ಮಾನವೇ ಎಲ್‌ಯುಎಫ್‌ಎಸ್. ಯುರೋಪಿನ ಪ್ರಸಾರದವರು 2010ರಲ್ಲಿ ಮೈನಸ್ 23 ಅಂತ ಗೊತ್ತುಮಾಡಿಕೊಂಡರು. ಫೋನಿಗೆ ಅದು ತೀರಾ ಮೆಲ್ಲಗೆ. ಆಪಲ್ ಪಾಡ್‌ಕಾಸ್ಟ್ ಕೇಳೋದು ಮೈನಸ್ 16ರ ಆಸುಪಾಸು, ತುದಿ ಮೈನಸ್ 1 ಡೆಸಿಬೆಲ್ ದಾಟಬಾರದು. ಸ್ಪಾಟಿಫೈನದು ಮೈನಸ್ 14. ನೀನು 16ಕ್ಕೆ ನಿಲ್ಲಿಸು, ಮಾತಿಗೆ ಅದು ಸರಿಯಾದ ಜಾಗ.

ತಮ್ಮ: ನಾನು ಮೋನೋದಲ್ಲಿ ಹಾಕೋಣ ಅಂತಿದ್ದೇನೆ. ಲೆಕ್ಕ ಅದೇನಾ?

ಅಕ್ಕ: ಒಳ್ಳೆ ಪ್ರಶ್ನೆ ಕೇಳಿದೆ, ಎಡವೋದು ಇಲ್ಲೇ. ಮೋನೋ ಫೈಲು ನುಡಿಯುವಾಗ ಎರಡೂ ಕಿವಿಗೆ ಹೋಗ್ತದೆ, ಹಾಗಾಗಿ ಅಳತೆಗಿಂತ 3 ಡೆಸಿಬೆಲ್ ಜೋರಾಗಿ ಕೂರ್ತದೆ. ಅಂದರೆ ಸ್ಟೀರಿಯೋ ಮೈನಸ್ 16ಕ್ಕೆ ಸಮನಾದ ಮೋನೋ ಅಂದರೆ ಮೈನಸ್ 19. ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್ ಕಿಟಕಿಯಲ್ಲಿ ಮೋನೋವನ್ನು ಎರಡು ಕಿವಿಯದಾಗಿ ಲೆಕ್ಕ ಹಾಕು ಅನ್ನೋ ಚೌಕ ಇದೆ. ಅದಕ್ಕೆ ಗುರುತು ಹಾಕಿದ್ದರೆ 16 ಅಂತಲೇ ಕೊಡಬಹುದು. ಅಲ್ಲಿ ತಾನಾಗಿ ಮೈನಸ್ 23 ಇರ್ತದೆ, ಬದಲಿಸೋಕೆ ಮರೀಬೇಡ.

ತಮ್ಮ: ಮಾತು ಮೆಲ್ಲಗೆ, ಮದ್ದಲೆ ಜೋರು. ಇಡೀ ಎಪಿಸೋಡಿಗೆ ಒಮ್ಮೆಗೇ ಈ ಅಳತೆ ಕೊಟ್ಟರೆ ಸರಿಹೋಗ್ತದಾ?

ಅಕ್ಕ: ಹೋಗೋದಿಲ್ಲ. ಆ ಅಳತೆ ತೀರಾ ಮೆಲ್ಲಗಿನ ಜಾಗಗಳನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಮದ್ದಲೆ ಬಹಳ ಹೊತ್ತು ನುಡಿದಿದ್ದರೆ ಸರಾಸರಿಯನ್ನು ಅದೇ ಮೇಲಕ್ಕೆ ಎಳೀತದೆ, ಯಂತ್ರ ಎಲ್ಲವನ್ನೂ ತಗ್ಗಿಸ್ತದೆ, ಪಾಪ ಮಾತು ಇನ್ನೂ ಕೆಳಗೆ ಹೋಗ್ತದೆ. ನೀನು ಹೀಗೆ ಮಾಡು. ನುಡಿಸಿದ ಭಾಗಗಳನ್ನೆಲ್ಲ ಕತ್ತರಿಸಿ ಮೂರನೇ ಟ್ರ್ಯಾಕಿಗೆ ಸರಿಸು. ಮಾತಿನ ಟ್ರ್ಯಾಕಿನಲ್ಲಿ 80 ಹರ್ಟ್ಸಿನ ಕೆಳಗಿನದ್ದನ್ನು ಕಡಿ, ಅಲ್ಲಿರೋದು ಮೈಕಿಗೆ ತಾಗಿದ ಗಾಳಿ, ಕಾಲು ತಾಗಿದ ಧಡ್ ಇಂಥವು. ಮದ್ದಲೆಯ ಟ್ರ್ಯಾಕಿಗೆ ಅದನ್ನು ಹಾಕಬೇಡ, ಎಡಬದಿಯ ಗುಂಕಾರ ಸತ್ತುಹೋಗ್ತದೆ. ಆಮೇಲೆ ಮಾತಿನ ಏರಿಳಿತವನ್ನು ಕ್ಲಿಪ್ಪು ಕ್ಲಿಪ್ಪಾಗಿ ಕೈಯಿಂದ ಸಮ ಮಾಡು. ಬೇಜಾರಿನ ಕೆಲಸ, ಆದರೆ ಇದನ್ನು ಮಾಡಿದರೆ ಜೋರು ದನಿಯನ್ನು ತಾನಾಗಿ ಅದುಮೋ ಕಂಪ್ರೆಸರಿಗೆ ಹೆಚ್ಚು ಹೊರೆ ಬೀಳೋದಿಲ್ಲ, ಮೂರಕ್ಕೆ ಒಂದರ ಅನುಪಾತದಲ್ಲಿ ಮೆದುವಾಗಿ ಹಾಕಿದರೆ ಸಾಕು. ಮಾತನ್ನು ಮಾತ್ರ ಅಳೆದು ಗುರಿಗೆ ತಂದು ನಿಲ್ಲಿಸು. ಕೊನೆಗೆ ಮದ್ದಲೆಯನ್ನು ಕಿವಿಯಿಂದ ಕೇಳಿ ಕೂರಿಸು, ಮಾತಿಗಿಂತ ಸ್ವಲ್ಪ ಮೇಲೇ ಇರಲಿ. ಪೆಟ್ಟಿನ ತುದಿಯನ್ನು ಲಿಮಿಟರ್ ಹಿಡೀತದೆ. ಮದ್ದಲೆಗೆ ಕಂಪ್ರೆಸರ್ ಹಾಕಿ ಅದರ ಪೆಟ್ಟನ್ನು ಚಪ್ಪಟೆ ಮಾಡಿದರೆ ನುಡಿಸಿದವರಿಗೆ ಅನ್ಯಾಯ ಮಾಡಿದ ಹಾಗೆ.

ತಮ್ಮ: ಇಷ್ಟೆಲ್ಲ ನನ್ನ ಕೈಲಿ ಆಗ್ತದಾ ಅಂತ.

ಅಕ್ಕ: ಆಗ್ತದೆ ಮಾರಾಯ. ಕೊನೆಯ ಹಂತಕ್ಕೆ ಭಯವಾದರೆ ಆಸ್ಟ್ರಿಯಾದ ಆಫೋನಿಕ್ ಅನ್ನೋ ಸೇವೆ ಇದೆ. ತಿಂಗಳಿಗೆ ಎರಡು ಗಂಟೆಯಷ್ಟು ದನಿಯನ್ನು ಪುಕ್ಕಟೆ ಸರಿಮಾಡಿಕೊಡ್ತದೆ. ನೀನು ತಿಂಗಳಿಗೆ ಎರಡು ಎಪಿಸೋಡ್ ಹಾಕೋದಾದರೆ ಅಷ್ಟು ಸಾಕು. ಗುರಿಯ ಅಳತೆ ಮಾತ್ರ ಅದಕ್ಕೆ ಬಿಡು, ಸದ್ದು ತೆಗೆಯೋ ಗುಂಡಿಯನ್ನು ಆಫ್ ಮಾಡಿಡು. ಮುಗಿದ ಮೇಲೆ ಒಳ್ಳೆ ಹೆಡ್‌ಫೋನಿನಲ್ಲಿ ಒಂದು ಸಲ ಕೇಳು. ಆಮೇಲೆ ಫೋನಿನ ಸ್ಪೀಕರಿನಲ್ಲಿ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿರುವಾಗ ಕೇಳು. ಆ ಸಣ್ಣ ಸ್ಪೀಕರಿಗೆ ಕೆಳಗಿನ ಸ್ವರ ನುಡಿಯೋ ಶಕ್ತಿ ಇಲ್ಲ, ಅಲ್ಲೂ ಮಾತು ಬಿಡಿಬಿಡಿಯಾಗಿ ಕೇಳಿಸಿದರೆ ನಿನ್ನ ಕೆಲಸ ಸರಿಯಾಗಿದೆ.

ತಮ್ಮ: ಹೊರಗೆ ಕೊಡೋದು ಎಂಪಿ3 ತಾನೇ?

ಅಕ್ಕ: ಹೌದು. ಬರೀ ಮಾತಾದರೆ ಮೋನೋ 64 ಕೆಬಿಪಿಎಸ್ ಸಾಕು, ಗಂಟೆಗೆ 29 ಎಂಬಿಯೊಳಗೆ ಮುಗೀತದೆ. ನಿನಗೆ ಮದ್ದಲೆ, ಹಾಡು ಇರೋದರಿಂದ 96 ಇಡು. ಆದರೆ ಎಂಪಿ3ಯನ್ನು ಮನೆಯ ಪ್ರತಿ ಅಂದುಕೊಳ್ಳಬೇಡ. ಅದರಲ್ಲಿ ಬಿಟ್ಟುಹೋದದ್ದು ಮತ್ತೆ ಬರೋದಿಲ್ಲ. ವೇವ್ ಫೈಲಾದರೆ ಒಂದು ಮೋನೋ ಟ್ರ್ಯಾಕು ಗಂಟೆಗೆ ಸುಮಾರು 318 ಎಂಬಿ, 44.1 ಕಿಲೋಹರ್ಟ್ಸ್ 16 ಬಿಟ್ಟಿನ ಲೆಕ್ಕದಲ್ಲಿ. ಈಗಿನ ಹಾರ್ಡ್ ಡಿಸ್ಕಿಗೆ ಅದೇನೂ ದೊಡ್ಡದಲ್ಲ.

ತಮ್ಮ: ಒಂದೇ ಹೆಸರು ಹೇಳಿ ಅಂದರೆ?

ಅಕ್ಕ: ನಿನಗೆ ರೀಪರ್. ಎರಡು ಮೂರು ಟ್ರ್ಯಾಕು, ಮೂಲ ಮುಟ್ಟದ ಕ್ರಮ, ಒಮ್ಮೆ ಕೊಟ್ಟರೆ ಮುಗಿಯೋ ದುಡ್ಡು, ನಾಳೆಯೂ ಓದಬಹುದಾದ ಪ್ರಾಜೆಕ್ಟ್ ಫೈಲು, ಈ ನಾಲ್ಕೂ ಒಟ್ಟಿಗೆ ಸಿಗೋದು ನನಗೆ ಗೊತ್ತಿದ್ದಂತೆ ಅಲ್ಲೇ. ಒಬ್ಬರೇ ಕೂತು ಕತೆ ಓದಿ ಹಾಕೋರು, ಶಾಲೆ ಮಕ್ಕಳು, ಇವರಿಗೆಲ್ಲ ಆಡಾಸಿಟಿ ಸಾಕು. ಇವತ್ತು ಮನೆಗೆ ಹೋದ ಕೂಡಲೇ ಸಾಫ್ಟ್‌ವೇರ್ ಇಳಿಸಬೇಡ. ಮೊದಲು ರೆಕಾರ್ಡರಿನ ಮೂಲ ಫೈಲುಗಳನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕಿಗೆ ನಕಲು ಮಾಡು, ಹೆಸರು, ಊರು, ತಾರೀಕು ಬರೆದಿಡು, ಒಂದು ಡಿಸ್ಕನ್ನು ಬೇರೆ ಮನೆಯಲ್ಲಿ ಇಡು. ಇನ್ನೂ ಮಾತಾಡಿಸದೆ ಉಳಿದ ಹಿರಿಯರಿದ್ದರೆ ಎಡಿಟಿಂಗ್ ಕಾಯಲಿ, ಅವರ ಮನೆಗೆ ಮೊದಲು ಹೋಗಿ ಬಾ.